ಕ್ಯಾಸಂಬಳ್ಳಿ ರಸ್ತೆಯಲ್ಲಿ ಕೆಟ್ಟ ಕಾರು

ಸುಟ್ಟ ಇಂಜಿನ್ ಆಯಿಲಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಕ್ಯಾಸಂಬಳ್ಳಿ ರಸ್ತೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಊರಿಗಾಂನ ನಮ್ಮ ಮನೆ ಮುಂದೆ, ಕಾರು ನಿಲ್ಲುವ ಜಾಗದಲ್ಲಿ, ದಿನಾ ಬೆಳಿಗ್ಗೆ ಕಪ್ಪು ಕಲೆ ಕಾಣುತ್ತಿತ್ತು. ಅಮ್ಮ ಲಾರಿ ಡ್ರೈವರನ ಮಗಳು. "ಸೋರ್ತಾ ಐತೆ. ಗೇಜ್ ಕಡ್ಡಿ ಎಳ್ದು ಆಯಿಲ್ ಎಷ್ಟೈತೆ ನೋಡಿ," ಎಂದು ಒಂದು ವಾರದಿಂದ ಹೇಳುತ್ತಲೇ ಇದ್ದಳು.

"ಸೌಟು ಹಿಡಿಯೋಳಿಗೆ ಇಂಜಿನ್ ಉಸಾಬರಿ ಯಾಕೆ?" ಎಂದು ಅಪ್ಪ ಸಿಡುಕುತ್ತಿದ್ದರು.

ಆ ಭಾನುವಾರ ತಾತನ ಮನೆಗೆ ಹೊರಟಾಗ ದಾರಿಯಲ್ಲಿ ಸ್ಟೀರಿಂಗ್ ಮುಂದಿನ ಆಯಿಲ್ ಸೂಚಿಸುವ ಕೆಂಪು ದೀಪ ಹತ್ತಿತು. ಅಮ್ಮ "ನಿಲ್ಸಿ" ಎಂದಳು. ಅಪ್ಪ ಬೇಕೆಂದೇ ಇನ್ನೂ ಜೋರಾಗಿ ಓಡಿಸಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ ಕರಕರ ಎಂದು ಅರಚಿ, ಹೊಗೆಯಾಡಿ ನಿಂತುಹೋಯಿತು.

"ನಿನ್ನ ಬಾಯಿಂದ್ಲೇ ಇಂಗಾಗಿದ್ದು, ಅನಿಷ್ಟದೋಳೇ!" ಎಂದು ಅಪ್ಪ ನಡುರಸ್ತೆಯಲ್ಲಿ ಕೂಗಾಡಿದರು. ಪಕ್ಕದ ಹೊಲದಲ್ಲಿ ಟೊಮೆಟೊ ಕೀಳುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡಿದರು.

ಅಮ್ಮ ಬಾನೆಟ್ ಎತ್ತಿ, ಕೈಗೆ ಸೆರಗು ಸುತ್ತಿಕೊಂಡು ಕಡ್ಡಿ ಎಳೆದು, ಅಪ್ಪನ ಮೂಗಿನ ಮುಂದೆ ಹಿಡಿದಳು. ತುದಿಯಲ್ಲಿ ಒಂದು ಹನಿಯೂ ಇರಲಿಲ್ಲ.

ಅಷ್ಟರಲ್ಲಿ ಬಸ್ಸು ಬಂತು. ಅಮ್ಮ ನನ್ನನ್ನು ಹತ್ತಿಸಿ ತಾನೂ ಹತ್ತಿದಳು. ಹಿಂದೆಯೇ ಮೆಟ್ಟಿಲಿಗೆ ಕಾಲಿಟ್ಟ ಅಪ್ಪನಿಗೆ, "ಗಾಡಿ ನಿಮ್ದಲ್ವಾ? ಕಾಯ್ಕೊಂಡಿರಿ," ಎಂದಳು. ಆಮೇಲೆ ಕಂಡಕ್ಟರನ ಕಡೆ ತಿರುಗಿ ಎರಡೇ ಟಿಕೆಟ್ ಕೇಳಿದಳು.