ಆರದ ಬರ್ನರ್

ಬರ್ನರ್ ಇವತ್ತೂ ಆರಿರಲಿಲ್ಲ. ಥನೋಮ್ ಕಾವಿನ ಗೇಜನ್ನು ಬೆರಳಿನಿಂದ ತಟ್ಟಿ ನೋಡಿದ. ಮುಳ್ಳು ಕದಲಲಿಲ್ಲ. ಹೀಗೆ ಶುರುವಾಗಿ ಎರಡು ವಾರವಾಗಿತ್ತು.

ರಯೋಂಗಿನ ಬಣ್ಣ ತಯಾರಿಸುವ ಕಾರ್ಖಾನೆಯ ಕೊಳಕು ನೀರಿಗೆಲ್ಲ ಅವನ ಯಂತ್ರವೇ ಗತಿ. ಕರಿ ನೀರನ್ನು ಉಕ್ಕಿನ ಗೋಪುರದೊಳಗೆ ಭಾರೀ ಒತ್ತಡದಲ್ಲಿ ಅದುಮಿ, ಇನ್ನೂರೈವತ್ತು ಡಿಗ್ರಿಗೆ ಕಾಯಿಸಿ, ಗಾಳಿ ಊದಿದರೆ ಕೊಳಕೆಲ್ಲ ನೀರಿನೊಳಗೇ ಉರಿದುಹೋಗುತ್ತದೆ. ಒಮ್ಮೆ ಹತ್ತಿಕೊಂಡರೆ ಕೊಳಕಿನ ಕಾವೇ ಸಾಕು. ಬರ್ನರ್ ಬೇಕಾಗುವುದು ಶುರುವಿನ ಮೂರು ಗಂಟೆ ಮಾತ್ರ. ಹನ್ನೊಂದು ವರ್ಷ ಹಾಗೇ ನಡೆದಿತ್ತು.

“ಕೊಳವೆಗಳಲ್ಲಿ ಕಿಟ್ಟ ಕಟ್ಟಿದೆ ಸಾರ್, ಕಾವು ದಾಟ್ತಾ ಇಲ್ಲ, ಅದಕ್ಕೇ ಬರ್ನರ್ ಆರ್ತಾ ಇಲ್ಲ. ಎರಡು ದಿನ ನಿಲ್ಲಿಸಿ ತೊಳೀತೀನಿ” ಎಂದ ಥನೋಮ್.

“ಹೊರಬಿಡೋ ನೀರಿನ ಮೀಟರ್ ನಿಂತ್ರೆ ಮಾಲಿನ್ಯ ಇಲಾಖೆಯವ್ರು ಓಡಿ ಬರ್ತಾರೆ” ಎಂದ ಮ್ಯಾನೇಜರ್ ವಿಚಿಯನ್. “ಹೊರಗೆ ಬರೋ ನೀರು ಚೆನ್ನಾಗಿದೆ ತಾನೆ? ಆರ್ಡರ್ ದುಪ್ಪಟ್ಟಾಗಿದೆ, ತಲೆ ತಿನ್ಬೇಡ.”

ಚೆನ್ನಾಗೇ ಇತ್ತು. ಅಷ್ಟು ತಿಳಿ ನೀರು ಹಿಂದೆಂದೂ ಬಂದಿರಲಿಲ್ಲ. ಯಂತ್ರಕ್ಕೆ ನೀರುಣಿಸುವ ಕೊಳಕಿನ ಟ್ಯಾಂಕಿಗೆ ವಿಚಿಯನ್ ಹೊಸ ಮುಚ್ಚಳ ಜಡಿಸಿದ ಮೇಲೆ ನಾತವೂ ಇರಲಿಲ್ಲ. ಅವನ ಅಂಗಿಯನ್ನು ಬೇರೆಯಾಗಿ ನೆನೆಸಿಡುವುದನ್ನು ಹೆಂಡತಿ ಬಿಟ್ಟಿದ್ದಳು. ಥನೋಮನಿಗೆ ಒಳಗೊಳಗೇ ಜಂಭ.

ಅಷ್ಟರಲ್ಲಿ ಊರಿನ ಸಾಕಣೆ ಹೊಂಡಗಳಲ್ಲಿ ಸಿಗಡಿ ಸಾಯತೊಡಗಿತು. ಹೊಂಡಗಳಿಗೆ ಕಾರ್ಖಾನೆ ಪಕ್ಕದ ಕಾಲುವೆಯದೇ ನೀರು. ಊರವರು ದೂರು ಬರೆದು ಬೌದ್ಧ ವಿಹಾರದ ಜಗಲಿಯಲ್ಲಿ ಸಹಿ ಹಾಕಲು ಕೂತರು. ಅದೇ ಊರಿನವನಾದ ಥನೋಮ್ ಎದ್ದು ನಿಂತು, ಯಂತ್ರದಿಂದ ಹೊರಬಿದ್ದ, ತಾನು ಬಾಟಲಿಯಲ್ಲಿ ತಂದಿದ್ದ ನೀರನ್ನು ಎಲ್ಲರೆದುರು ಗಟಗಟ ಕುಡಿದ.

“ನನ್ನ ಯಂತ್ರದಿಂದ ಒಂದು ಹನಿ ಕೊಳಕು ಹೊರಗೆ ಬಿದ್ದಿದ್ರೂ ನನ್ನ ಮಕ್ಕಳಾಣೆ!”

“ನಾಲಿಗೆ ತೋರ್ಸೋ, ನೀಲಿ ಆಗಿದ್ಯಾ ನೋಡೋಣ” ಎಂದು ಯಾರೋ ಛೇಡಿಸಿದರು. ಎಲ್ಲರೂ ನಕ್ಕರು. ಬುದ್ಧನ ಮುಂದೆ ಇಟ್ಟ ಆಣೆ. ದೂರಿನ ಕಾಗದವನ್ನು ಅಲ್ಲೇ ಹರಿದು ಹಾಕಿದರು.

ಹತ್ತು ದಿನಕ್ಕೆ, ಅವನನ್ನು ಸಾಕಿ ಬೆಳೆಸಿದ ಲಮೈ ದೊಡ್ಡಮ್ಮನ ಹೊಂಡದಲ್ಲಿ ಒಂದು ಸಿಗಡಿಯೂ ಉಳಿಯಲಿಲ್ಲ. ಅವಳಿಗೆ ಬೇರೆ ಜೀವನೋಪಾಯವಿರಲಿಲ್ಲ.

“ನೀನ್ಯಾಕೋ ಮುಖ ಸಣ್ಣ ಮಾಡ್ತೀಯ?” ಎಂದಳು ಸತ್ತದ್ದನ್ನು ಬುಟ್ಟಿಗೆ ಬಾಚುತ್ತ. “ನೀನು ಆಣೆ ಇಟ್ಟ ಮೇಲೆ ಮುಗೀತು. ನಾನು ಹಾಕಿದ ಮೇವೇ ಕೆಟ್ಟಿರ್ಬೇಕು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆಯಲಾಗದೆ ಬುಟ್ಟಿ ಎತ್ತಿಕೊಂಡು ದಡ ಹತ್ತಿದ. ಕಿಟ್ಟ ತಿಂದು ಕೊಳವೆ ತೂತಾಗಿ ಎಲ್ಲಾದರೂ ಸೋರುತ್ತಿದ್ದರೆ?

ಭಾನುವಾರ ಬೆಳಿಗ್ಗೆ, ವಿಚಿಯನ್ ಇಲ್ಲದ ಹೊತ್ತಿನಲ್ಲಿ, ಯಾರನ್ನೂ ಕೇಳದೆ ಯಂತ್ರ ನಿಲ್ಲಿಸಿದ. ಅದು ತಣಿಯುವಷ್ಟರಲ್ಲಿ ಸಂಜೆಯಾಯಿತು. ಬೋಲ್ಟು ಬಿಚ್ಚಿ ಕೊಳವೆಗಳೊಳಗೆ ಟಾರ್ಚ್ ಬಿಟ್ಟ. ತೂತಿಲ್ಲ. ಕಿಟ್ಟವೂ ಇಲ್ಲ. ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು.

ಯಂತ್ರಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಮತ್ತೆ ಒಳಗಿನ ಕೊಳಕು ಹತ್ತಿಕೊಳ್ಳುತ್ತಿಲ್ಲವೇಕೆ? ಅವನು ಕೊಳಕಿನ ಟ್ಯಾಂಕ್ ಹತ್ತಿ, ಹೊಸ ಮುಚ್ಚಳವನ್ನು ಸುತ್ತಿಗೆಯಿಂದ ಹೊಡೆದು ಕಿತ್ತು, ಬಗ್ಗಿ ನೋಡಿದ. ಕಾರ್ಖಾನೆಯಿಂದ ಕರಿ ನೀರು ತರುವ ಕೊಳವೆಗೆ ಬಿರಡೆ ಜಡಿದಿತ್ತು; ಅದರ ಪಕ್ಕದಲ್ಲಿ ತಿಳಿ ನೀರಿನ ಹೊಸ ಪೈಪೊಂದು ಇಳಿಬಿದ್ದಿತ್ತು. ಇನ್ನು ಆ ನೀರಿಗೆ ಕಾಲುವೆಯೊಂದೇ ದಾರಿ.

ಇಷ್ಟು ದಿನ ಅವನು ಕಾಯಿಸಿದ್ದು, ಮಕ್ಕಳ ಮೇಲೆ ಆಣೆ ಇಟ್ಟು ಕುಡಿದದ್ದು, ಬರೀ ನಲ್ಲಿ ನೀರು.