ಎರಡು ಬೆರಳು ಎತ್ತರ

ಟ್ರೇಲರಿನ ಚಾವಣಿ ಗ್ಯಾರೇಜಿನ ಲಿಂಟೆಲ್ಲಿಗೆ ಕರ್ರೆಂದು ಉಜ್ಜಿ ನಿಂತಿತು. ಎರಡು ಬೆರಳಿನಷ್ಟು ಎತ್ತರ ಹೆಚ್ಚಾಗಿತ್ತು. "ಏನ್ರೋ, ಉಂಡಿಲ್ವಾ? ತಳ್ರೋ ಗಟ್ಟಿ!" ಎಂದು ಗಾಡಿಯೊಳಗಿನಿಂದ ಜಟ್ಟಪ್ಪ ಕೂಗಿದ. ತಳ್ಳುತ್ತಿದ್ದ ಅವನ ಹೆಂಡತಿ ಮಂದಾಕಿನಿಯ ಕೈ ಸಡಿಲವಾಯಿತು.

ಜೀಪಿಗೆ ಕಟ್ಟಿಕೊಂಡು ಊರೂರು ಸುತ್ತುವ ಈ ಪುಟ್ಟ ಗಾಡಿಯನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕದ್ವಾಡದ ಮನೆಯ ಗ್ಯಾರೇಜಿಗೆ ಸೇರಿಸುವಾಗ ಜಟ್ಟಪ್ಪ ಒಳಗೆ ಕೂರುತ್ತಿದ್ದ. ಅವನ ಭಾರಕ್ಕೆ ಸ್ಪ್ರಿಂಗು ಕುಗ್ಗಿ ಗಾಡಿ ಸಲೀಸಾಗಿ ಒಳಹೋಗುತ್ತಿತ್ತು. ಇವತ್ತೂ ಅವನೇ ಕೂತಿದ್ದ. 'ಬರೀ ಅಲ್ಸರ್, ಮೈ ತುಂಬಿಕೊಳ್ಳುತ್ತಿದೆ' ಎಂದು ನಾಲ್ಕು ತಿಂಗಳಿಂದ ಅವನನ್ನು ನಂಬಿಸುತ್ತ, ಅವಳು ಅವನ ಸಡಿಲಾಗುತ್ತಿದ್ದ ಅಂಗಿಗಳನ್ನು ಗುಟ್ಟಾಗಿ ಹೊಲಿದು ಬಿಗಿ ಮಾಡುತ್ತಿದ್ದಳು.

"ಟೈರಿಗೆ ಗಾಳಿ ಜಾಸ್ತಿ ಅದೆ, ವಹಿನಿ" ಎಂದ ಜೊತೆಗೆ ತಳ್ಳುತ್ತಿದ್ದ ಮೈದುನ ಸೂರಜ್, ಅವಳ ಮುಖ ನೋಡದೆ ಚಕ್ರದ ಬಳಿ ಕುಕ್ಕರಿಸುತ್ತ.

"ಹೌದೌದು, ಸ್ವಲ್ಪ ಬಿಡು" ಎಂದಳು ಮಂದಾಕಿನಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ.

ಜಟ್ಟಪ್ಪ ಕಿಟಕಿಯಿಂದ ಮುಖ ಹೊರಹಾಕಿದ. "ಗಾಳಿ ಬಿಡಬೇಡೋ. ಬೆಳಿಗ್ಗೆ ನಾನೇ ಅಳತೆ ನೋಡಿದ್ದೆ, ಹೋದ ವರ್ಷದಷ್ಟೇ ಅದೆ." ಸೂರಜ್ ಕುಕ್ಕರಗಾಲಿನಲ್ಲೇ ಉಳಿದ. ಜಟ್ಟಪ್ಪ ಹೆಂಡತಿಯನ್ನು ತುಸು ಹೊತ್ತು ನೋಡಿ, ಬೆಂಚಿನ ಮೇಲೆ ಪಕ್ಕಕ್ಕೆ ಸರಿದ.

"ಬಾ ಮಂದಾ, ನೀನೂ ಒಳಗೆ ಬಂದು ಕೂತ್ಕ. ಡಾಕ್ಟ್ರು ಖರೇ ಏನ್ ಹೇಳಿದ್ರು, ಹೇಳು."