ಬೊಟ್ಟಿಟ್ಟ ಬೆರಳು

"ಕೇಬಲ್ಲೇ ಸರಿ ಇಲ್ಲ ರೀ!" ಸೆಂಟರಿನಲ್ಲಿ ಕೆಲಸಕ್ಕಿದ್ದ ಗಂಗಾಶ್ರೀ ನಿಂತಲ್ಲಿ ನಿಲ್ಲಲಾರದೆ ಮೂರನೇ ಸಲ ಹೇಳಿದಳು. ಬೆಳಿಗ್ಗೆ ಆಯುಧಪೂಜೆ ಮುಗಿದಾಗಿನಿಂದ ಶಿಕಾರಿಪುರದ ಕಂಪ್ಯೂಟರ್ ಸೆಂಟರಿನ ಹೊಸ ಕಲರ್ ಮಾನಿಟರಿನಲ್ಲಿ ಕೆಂಪು ಬಣ್ಣವೇ ಮಾಯವಾಗಿತ್ತು. "ಇನ್ನು ಇವನ ಸಹವಾಸ ಸಾಕು" ಎಂದು ಮಾಲೀಕರು, ಕೇಬಲ್ ತಂದು ಜೋಡಿಸಿಕೊಟ್ಟಿದ್ದ ಸೊರಬದ ಚನ್ನೇಶನನ್ನು ದುರುಗುಟ್ಟಿ ನೋಡಿದರು.

ಚನ್ನೇಶ ಕೇಬಲ್ ಬಿಚ್ಚಿ ಕಂಪ್ಯೂಟರಿನ ಹಿಂಬದಿಯಲ್ಲಿ ಅದನ್ನು ಸಿಕ್ಕಿಸುವ ಜಾಗಕ್ಕೆ ಟಾರ್ಚ್ ಹಿಡಿದ. "ಒಂದೊಂದು ಬಣ್ಣಕ್ಕೂ ಒಂದೊಂದು ತೂತು ಇರ್ತದೆ ರೀ..." ಎಂದವನು ಟಾರ್ಚನ್ನು ಇನ್ನೂ ಹತ್ತಿರ ತಂದ. ಒಂದು ತೂತಿನ ತುಂಬ ಕುಂಕುಮ. ಬೆಳಿಗ್ಗೆ ಪೂಜೆಗೆಂದು ಕೇಬಲ್ ಬಿಚ್ಚಿ, ಒರೆಸಿ, ಬೊಟ್ಟಿಟ್ಟವಳು ಗಂಗಾಶ್ರೀಯೇ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅವನು ಉಫ್ ಎಂದು ಊದಿ ಕೇಬಲ್ ಸಿಕ್ಕಿಸಿದ. ಪರದೆಗೆ ಕೆಂಪು ಮರಳಿತು. "ನಂದೇ ತಪ್ಪು ರೀ, ಸಡಿಲ ಬಿಟ್ಟಿದ್ದೆ" ಎಂದು ಮಾಲೀಕರಿಗೆ ಹೇಳಿದ.

"ಅಲ್ಲ ರೀ" ಎಂದು ಗಂಗಾಶ್ರೀ ಕುಂಕುಮದಿಂದ ಕೆಂಪಾದ ಬೆರಳನ್ನು ಮಾಲೀಕರ ಮುಂದೆ ಚಾಚಿದಳು.